ಹತ್ತಿಯೋ, ರೇಷ್ಮಿಯೋ?

ಗೆಳೆಯಾರ, ಇವತ್ತ ಮಧ್ಯಾಹ್ನ ಇಳಕಲ್ಲಿನ ನಮ್ಮ ಸೀರಿ ಅಂಗಡಿಗೆ ಬೆಲ್ಜಿಯಂದಿಂದ ಎಲಿನಾ ಫೋನ್ ಮಾಡಿದ್ಲು. ನಮ್ಮ ಸೀರಿ ತರಿಸಿಕೊಂಡು ಫ್ರಾನ್ಸಿನ ಅಂಗಡಿಗೆ ಮಾರೂವಾಕಿ. ಹಂಗ ಗಡಿ ದಾಟಿದ ಮಾಲು ಯಾವುದು, ತೂಕ ಎಷ್ಟು ಅಂತ ಆಕಿ ತಿಂಗಳ ತಿಂಗಳ ತನ್ನ ದೇಶದ ಅಂಕಿಅಂಶ ಇಲಾಖೆಗೆ ತಿಳಸಬೇಕಂತ. ಇವತ್ತ ಕಡೀ ದಿನ.

"ಇದು ಹತ್ತಿಯೋ, ರೇಷ್ಮಿಯೋ?" ಅಂತ ಕೇಳಿದ್ಲು.

"ಒಡಲು ಹತ್ತಿ, ಸೆರಗು ರೇಷ್ಮಿ," ಅಂದೆ.

"ಎರಡು ನಡೆಯೂದಿಲ್ಲ. ಒಂದ ಹೇಳು."

ನೇಯ್ದ ಸೀರಿ ಕೊಡಾಕ ಬಂದಿದ್ದ ಗಂಗಕ್ಕಗ ಇದನ್ನ ಕನ್ನಡದಾಗ ಹೇಳಿದ್ದ ತಡ, ಸಿಟ್ಟು ಬಂತು. "ಒಡಲಿಗೆ ಸೆರಗು ಕೂಡಸೂದ್ರಾಗ ನನ್ನ ಬೆನ್ನು ಬಿದ್ದು ಹೋಗೇತಿ. ಈಗ ಒಂದ ಆರಿಸು ಅಂತಾಳೇನು? ಇನ್ನ ಮುಂದ ಕಳಸಬ್ಯಾಡ ಯವ್ವಾ ಆಕಿಗೆ!"

ಎಲಿನಾಗ ಅದನ್ನೂ ಹೇಳಿದೆ. ಜೋರಾಗಿ ನಕ್ಕು, ಇಲಾಖೆಯವರನ್ನ ಕೇಳಿ ಮತ್ತ ಫೋನ್ ಮಾಡಿದ್ಲು. "ಯಾವ ನೂಲಿನ ತೂಕ ಹೆಚ್ಚೋ, ಸೀರಿ ಅದರದ."

ಸೆರಗಿಗಿಂತ ಒಡಲು ಭಾರ. ಹತ್ತಿ ಗೆದ್ದಿತು.

"ಬರಕೊಳ್ಳಲಿ ಬಿಡು," ಅಂತ ಗಂಗಕ್ಕ ಸಮಾಧಾನದಿಂದ ಚಾ ಕುಡದ್ಲು. "ಉಟ್ಟಾಕಿಗೆ ಗೊತ್ತಾಗ್ತೈತಿ."

ಒಟ್ಟಿನ್ಯಾಗ ಮುಂದಿನ ಮಾಲೂ ಹೊಂಟೈತಿ. ಆದ್ರ ಯುರೋಪಿನ ಅಂಕಿಅಂಶದಾಗ ಇವತ್ತಿಂದ ಇಳಕಲ್ ಸೀರಿಗೆ ಸೆರಗಿಲ್ಲ.