ಟಿವಿಯ ಮೇಲೆ ಬಿದ್ದ ಅಕ್ಷತೆ

ಮದುವೆಯಾಗಿ ಧಾರವಾಡದ ಕಡೆಯಿಂದ ನಾನು ಬಂದಿಳಿದದ್ದು ಆರ್.ಟಿ. ನಗರದ ಒಂದು ಮಹಡಿ ಮನೆಗೆ. ನನ್ನ ಗಂಡ ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳವು. ಅವರ ರಜೆಯ ದಿನಗಳಲ್ಲಿ ಇಬ್ಬರೂ ಸೇರಿ ಮದುವೆಗಳ ವಿಡಿಯೊ ತೆಗೆಯಲು ಶುರುಮಾಡಿದೆವು. ನಮ್ಮ ಕ್ಯಾಮೆರಾದೊಳಗೆ ಕ್ಯಾಸೆಟ್ ಹಾಕಲು ಬರುತ್ತಿರಲಿಲ್ಲ. ಅದಕ್ಕೆ ಬೇರೆ ರೆಕಾರ್ಡರ್ ಬೇಕಿತ್ತು. ಕ್ಯಾಮೆರಾ ಅವರ ಹೆಗಲ ಮೇಲೆ, ರೆಕಾರ್ಡರಿನ ಚೀಲ ನನ್ನ ಹೆಗಲಿಗೆ, ನಡುವೆ ಒಂದು ಕಪ್ಪು ವೈರು. ಹೋಮದ ಹೊಗೆಯೊಳಗೆ, ಲೈಟಿನ ಬಿಳಿ ಬೆಳಕಿನೊಳಗೆ, ಅವರು ಹೋದಲ್ಲೆಲ್ಲ ನಾನೂ ತೇಲಿದಂತೆ ಹೋಗುತ್ತಿದ್ದೆ.

“ವೈರ್ ಜಗ್ಗಬ್ಯಾಡ,” ಎನ್ನುತ್ತಿದ್ದರು.

“ನೀವ ಜಗ್ಗಾಕತ್ತೀರಿ,” ಎನ್ನುತ್ತಿದ್ದೆ.

ಒಮ್ಮೆ ಯಲಹಂಕದ ಛತ್ರದಲ್ಲಿ ಅಮೃತಹಳ್ಳಿಯವರ ಮದುವೆ. ಬೆಳಗಿನ ಮುಹೂರ್ತ. ಹುಡುಗಿಯನ್ನು ಧಾರೆ ಎರೆದುಕೊಟ್ಟವರು ಅವಳ ಚಿಕ್ಕಪ್ಪ. ಊಟದ ಹೊತ್ತಿಗೆ ಅವರೇ ನಮ್ಮ ಬಳಿ ಬಂದರು.

“ನಮ್ಮಣ್ಣ ದ್ರಾಕ್ಷಿ ತೋಟದಾಗೆ ಬಿದ್ದು ಸೊಂಟ ಮುರ್ಕೊಂಡು ಮನೇಲೇ ಮಲಗವ್ನೆ. ಮಗಳ ಮದ್ವೆ ನೋಡ್ಲಿಲ್ವಲ್ಲಾ ಅಂತ ಒಂದೇ ಕೊರಗು. ಇವತ್ತೇ ತೋರ್ಸಕ್ಕಾಯ್ತದಾ ಸಾರ್?”

ಸಾಮಾನ್ಯವಾಗಿ ನಾವು ಬೇಡದ ಭಾಗ ತೆಗೆದು, ಹಾಡು ಸೇರಿಸಿ, ಆಮೇಲೆ ಕ್ಯಾಸೆಟ್ ಕೊಡುತ್ತಿದ್ದೆವು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಹೂಂ ಎಂದೆ.

ಚಿಕ್ಕಪ್ಪ ಯಾರದೋ ಮನೆಯ ಟಿವಿಯನ್ನು ಕಂಬಳಿಯಲ್ಲಿ ಸುತ್ತಿ ಆಟೊದಲ್ಲಿ ತಂದರು. ಅಮೃತಹಳ್ಳಿಯಲ್ಲಿ ಅವರದು ಹಳೆಯ ಹೆಂಚಿನ ಮನೆ. ನಡುಮನೆಯಲ್ಲಿ ಮಂಚದ ಮೇಲೆ ಆ ತಂದೆ, ಅಲುಗಾಡದಂತೆ ಮಲಗಿದ್ದರು. ಹೆಗಲ ಮೇಲೆ ಹೊಸ ಶಲ್ಯ ಹೊದ್ದಿದ್ದರು, ಮದುವೆಗೆಂದು ತಂದದ್ದಂತೆ. ಕಿಟಕಿ ಮುಚ್ಚಿದಾಗ ಮಧ್ಯಾಹ್ನವೇ ಮುಸ್ಸಂಜೆಯಾಯಿತು. ಹೆಂಚುಗಳ ನಡುವಿನ ಗಾಜಿನಿಂದ ಒಂದು ಕೋಲು ಬಿಸಿಲು ಮಾತ್ರ ಅವರ ಕಾಲಿನ ಮೇಲೆ ಬಿದ್ದಿತ್ತು.

ನಮ್ಮ ರೆಕಾರ್ಡರನ್ನು ಜೋಡಿಸಿದೊಡನೆ ಟಿವಿಯಲ್ಲಿ ಛತ್ರದ ಬಾಗಿಲು ಕಾಣಿಸಿತು. ಆ ತಂದೆ ಅದರಲ್ಲಿ ಬಂದವರನ್ನೆಲ್ಲ ಗುರುತು ಹಿಡಿಯುತ್ತ, “ಬಾರಪ್ಪ, ಬಾ. ಕೂತ್ಕೊ,” ಎಂದು ಮೆಲ್ಲಗೆ ಕರೆಯುತ್ತಿದ್ದರು. ನಾನು ಮೊದಲು ನಕ್ಕೆ. ಆಮೇಲೆ ನಗಲಾಗಲಿಲ್ಲ. ತಮ್ಮ ಮಟ್ಟಿಗೆ ಅವರು ನಿಜವಾಗಿಯೂ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳುತ್ತಿದ್ದರು.

ಅಷ್ಟರಲ್ಲಿ ಹೊರಗೆ ಸದ್ದಾಯಿತು. ಹೊಸ ಮದುಮಕ್ಕಳು ಆಶೀರ್ವಾದಕ್ಕೆ ಬಂದಿದ್ದರು. ಹುಡುಗಿ ಹೊಸ್ತಿಲು ದಾಟಿ, “ಅಪ್ಪಾ,” ಎಂದಳು. ಅವರು ಟಿವಿಯಿಂದ ಕಣ್ಣು ತೆಗೆಯದೆ ಕೈಯೆತ್ತಿ, “ತಡಿ ಮಗಾ, ನಿಂಗೆ ಈಗ ತಾಳಿ ಕಟ್ತಾರೆ,” ಎಂದರು.

ಅವಳು ಬಾಸಿಂಗದ ಗುರುತು ಮಾಸದ ಹಣೆಯಲ್ಲೇ ಮಂಚದ ಪಕ್ಕ ನೆಲಕ್ಕೆ ಕುಳಿತು ಅಪ್ಪನ ಕೈ ಹಿಡಿದುಕೊಂಡಳು. ಟಿವಿಯಲ್ಲಿ ಗಟ್ಟಿಮೇಳ ಮೊಳಗಿತು. ಯಾರು ತಟ್ಟೆ ತಂದರೋ ಕಾಣೆ. ಆ ತಂದೆ ಹಿಡಿ ತುಂಬ ಅಕ್ಷತೆ ತೆಗೆದು ಟಿವಿಯ ಮೇಲೆ ಎರಚಿದರು. ನೋಡಲು ಬಂದು ಕೂತಿದ್ದ ನೆರೆಮನೆಯ ಹೆಂಗಸರೆಲ್ಲ ಎದ್ದು ನಿಂತು ಎರಚಿದರು. ಗಾಜಿನ ಮೇಲೆ ಅಕ್ಕಿ ಪಟಪಟನೆ ಸಿಡಿಯಿತು. ನನ್ನ ಗಂಡ ರೆಕಾರ್ಡರಿನ ಮೇಲೆ ಎರಡೂ ಕೈ ಮುಚ್ಚಿ ಕುಳಿತರು. ಅವರ ಕೂದಲೆಲ್ಲ ಹಳದಿ ಅಕ್ಕಿ.

ಆಗ ತಂದೆ ಕತ್ತು ತಿರುಗಿಸಿ ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. “ಚೆನ್ನಾಗ್ ಆಯ್ತಮ್ಮ ಮದ್ವೆ,” ಎಂದರು. ಅವಳು ಅವರ ಅಂಗೈಯಲ್ಲಿ ಮುಖ ಇಟ್ಟಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಸಂಜೆ ಸ್ಕೂಟರಿನಲ್ಲಿ ಹೆಬ್ಬಾಳದ ಕೆರೆ ಏರಿಯ ಪಕ್ಕ ಬರುವಾಗ ನೀರಿನ ಮೇಲೆ ಬೆಳ್ಳಕ್ಕಿಗಳು ಗೂಡಿಗೆ ಮರಳುತ್ತಿದ್ದವು. ರೆಕಾರ್ಡರನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆ.

“ಫ್ಯಾಕ್ಟರಿ ಬಿಟ್ಟ ಬಿಡ್ಲೇನ?” ಎಂದರು ಅವರು, ಹಿಂದಕ್ಕೆ ತಿರುಗದೆ.

ಆ ಮಾತನ್ನು ಎಷ್ಟೋ ದಿನದಿಂದ ಕೇಳುವವರಿದ್ದರೆಂದು ನನಗೆ ಗೊತ್ತಿತ್ತು. ಪ್ರತಿ ಸಲವೂ ಹೆದರಿ ಮಾತು ಮರೆಸುತ್ತಿದ್ದವಳು ನಾನೇ.

“ಬಿಡ್ರಿ,” ಎಂದೆ.

ಮುಂದಿನ ತಿಂಗಳು ಅವರು ಕೆಲಸ ಬಿಟ್ಟರು. ನಮ್ಮ ಮಹಡಿಯ ಅಡುಗೆಮನೆಯ ಪಕ್ಕದ ಕೋಣೆಗೆ, ಕ್ಯಾಸೆಟ್ ಜೋಡಿಸುವ ಕೆಲಸಕ್ಕೆಂದು, ಕಪ್ಪು ಪರದೆ ಕಟ್ಟಿದೆವು. ಅದರೊಳಗೆ ನಾನು ಅಪರಿಚಿತರ ಮದುವೆಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತ, ಒಲೆಯ ಮೇಲಿಟ್ಟ ಹಾಲು ಮರೆಯುತ್ತ, ವರ್ಷಗಳನ್ನೇ ಕಳೆದೆ.