ಎರಡೇ ಹನಿ ಕಬ್ಬಿಣದ ನೀರು

ಸಸ್ಯಶಾಸ್ತ್ರ ವಿಭಾಗದ ಗಾಜಿನ ಮನೆಯಲ್ಲಿ ಮೂವತ್ತೊಂದು ವರ್ಷ ಗಿಡ ನೋಡಿಕೊಂಡ ಮಾಲಿಯನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಒಂದೆಲೆ ಬಾಡಿದರೂ ಮಾನ ಹೋಯಿತು ಎಂದುಕೊಳ್ಳುವ ಸ್ವಭಾವ. ಹೆಂಡತಿಗೆ ಜ್ವರ ಬಂದರೆ ಮಾತ್ರೆ ತರಲು ಮರೆತಾರು, ಕುಂಡಕ್ಕೆ ನೀರು ಮರೆಯರು. "ನಾನೂ ಕುಂಡದಲ್ಲೇ ಹುಟ್ಬೇಕಿತ್ತು" ಎಂದು ಆಕೆ ಹಂಗಿಸುತ್ತಿದ್ದರು.

ಸಂಶೋಧನೆ ಮಾಡುವ ಹುಡುಗಿ ಕಬ್ಬಿಣವಿಲ್ಲದ ನೀರಿನ ಡಬ್ಬಗಳಲ್ಲಿ ನಲವತ್ತು ಸಸಿ ಇಟ್ಟಳು. ಹಸಿರು ಕಟ್ಟಲು ಜೀವಕೋಶಕ್ಕೆ ಕಬ್ಬಿಣ ಬೇಕು. ಹಳೆಯ ಎಲೆಯಲ್ಲಿ ಉಳಿದದ್ದನ್ನು ಗಿಡ ಚಿಗುರಿಗೆ ಸಾಗಿಸಬಲ್ಲದೇ ಎಂಬುದು ಅವಳ ಎರಡು ವರ್ಷದ ಪ್ರಶ್ನೆ. "ಹಳದಿ ಆದ್ರೆ ಆಗ್ಲಿ ಮಾವ, ಏನೂ ಹಾಕ್ಬೇಡಿ" ಎಂದಳು. ಮಾವ ಹೂಂಗುಟ್ಟಿದರು.

ಒಂಬತ್ತನೆಯ ದಿನ ಚಿಗುರೆಲ್ಲ ಬಿಳಿಚಿಕೊಂಡಿತು, ನರಗಳಷ್ಟೇ ಹಸಿರು. ಮಾವನಿಗೆ ನೋಡುತ್ತ ನಿಲ್ಲಲಾಗಲಿಲ್ಲ. ಕಪಾಟಿನಿಂದ ಕಬ್ಬಿಣದ ದ್ರಾವಣ ತೆಗೆದು ಡಬ್ಬಕ್ಕೆ ಎರಡೇ ಹನಿಯಂತೆ ಬಿಟ್ಟರು. ಮರುದಿನವೂ ಬಿಟ್ಟರು.

ಚಿಗುರು ಹಸಿರಾಯಿತು. ಹುಡುಗಿ ಕುಣಿದಾಡಿದಳು. "ಹಳೇ ಎಲೆಯಿಂದ ತಂದು ಕೊಡ್ತಿದೆ ಮಾವ! ಈ ತಳೀನೇ ಬೇರೆ!" ಮಾವನೂ ನಕ್ಕರು. ತಾವು ಮಾಡಿದ್ದೇನೆಂದು ಆಗಲೇ ಹೊಳೆದದ್ದು, ಆದರೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಪ್ರಾಧ್ಯಾಪಕರು ಅವಳ ಮಾತು ಕೇಳಲು ಇಡೀ ವಿಭಾಗವನ್ನು ಸಭೆಗೆ ಕರೆದರು.

ಮೂರು ದಿನ ಮಾವನಿಗೆ ಊಟ ಸೇರಲಿಲ್ಲ. "ಗಿಡಕ್ಕೆ ತಿನ್ನಕ್ಕೆ ಕೊಟ್ಟಿದ್ದು ತಪ್ಪಾ?" ಎಂದರು ವಿಷಯ ಕೇಳಿದ ಹೆಂಡತಿ.

"ಕೊಟ್ಟಿದ್ದಲ್ಲ ಕಣೇ, ಮುಚ್ಚಿಟ್ಟಿದ್ದು."

ಸಭೆಯ ಬಾಗಿಲಲ್ಲೇ ಹುಡುಗಿಯನ್ನು ತಡೆದು ಎಲ್ಲವನ್ನೂ ಹೇಳಿಬಿಟ್ಟರು. ಅವಳ ಮುಖ ಇಳಿದುಹೋಯಿತು. ನೇರ ಒಳಗೆ ಹೋದಳು.

ಬಾಗಿಲು ಅರೆ ತೆರೆದಿತ್ತು. "ನನ್ನ ಕೈತಪ್ಪಿನಿಂದ ನೀರಿಗೆ ಕಬ್ಬಿಣ ಸೇರಿದೆ. ಈ ಫಲಿತಾಂಶ ಲೆಕ್ಕಕ್ಕೆ ಹಿಡಿಯಬೇಡಿ" ಎಂದು ಅವಳು ಹೇಳುವುದು ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು. "ಎರಡು ವರ್ಷ ಇದನ್ನೇನಾ ಕಲ್ತಿದ್ದು?" ಎಂದರು ಪ್ರಾಧ್ಯಾಪಕರು.

ಒಳಗೆ ಹೋಗಿ 'ಮಾಡಿದ್ದು ನಾನು' ಎನ್ನಲು ಮೂರು ಹೆಜ್ಜೆ ಸಾಕಿತ್ತು. ಮಾವ ಒಂದನ್ನೂ ಇಡಲಿಲ್ಲ. ನಿವೃತ್ತಿಗೆ ಏಳೇ ತಿಂಗಳಿದೆ ಎಂಬ ನೆಪ ತಲೆಗೆ ಬಂತು. ಬಂದದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಆದರೂ ನಿಂತಲ್ಲೇ ನಿಂತಿದ್ದರು.

ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. "ನಾಳೆ ಹೊಸ ಬೀಜ ಹಾಕೋಣ ಮಾವ" ಎಂದಳು. ಅವಳು ಬೈದಿದ್ದರೆ ಅವರು ತಲೆ ಎತ್ತಿ ಉತ್ತರ ಕೊಡಬಹುದಿತ್ತು.