ರೈಟರ್ ಬರೆದ ವಾಕ್ಯ

ಅಪರಾಧಶಾಸ್ತ್ರ ವಿಭಾಗದ ಮೇಡಂ ರೈಟರ್ ಅವರನ್ನು ಮೊದಲು ಕಂಡದ್ದು ಎಂ.ಎ. ವಿದ್ಯಾರ್ಥಿಗಳು ಪತ್ರಿಕೆಗಳನ್ನು ಆರಿಸಿಕೊಳ್ಳುವ ದಿನ. ಹುಡುಗ ಹುಡುಗಿಯರ ಸಾಲಿನ ಕೊನೆಯಲ್ಲಿ ನಲವತ್ತೆಂಟರ ಗೃಹಸ್ಥರೊಬ್ಬರು ನಿಂತಿದ್ದರು. ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರಟ್ಟಿನ ಫೈಲು.

"ಮಗ ಬಂದಿಲ್ವಾ?" ಎಂದು ಮೇಡಂ ಕೇಳಿದರು.

"ಓದೋನು ನಾನೇ ಮೇಡಂ," ಎಂದು ಅವರು ಕಿವಿಯವರೆಗೂ ಕೆಂಪಾದರು.

ಪೊಲೀಸ್ ಠಾಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೇಳಿಕೆ ಬರೆದುಕೊಳ್ಳುವುದು ಅವರ ಕೆಲಸ. ಎಲ್ಲರ ಬಾಯಲ್ಲೂ ಅವರು 'ರೈಟರ್'. ಮುತ್ತು ಪೋಣಿಸಿದಂಥ ಅಕ್ಷರ. "ಈ ವಯಸ್ಸಲ್ಲಿ ಓದಿ ಇನ್ಯಾವ ಕಳ್ಳನ್ನ ಹಿಡೀತೀರಿ?" ಎಂದು ಹೆಂಡತಿ ನಕ್ಕಿದ್ದಳು, ಅರ್ಜಿಯ ಕೊನೆಯ ದಿನವನ್ನು ನೆನಪಿಸಿದವಳೂ ಅವಳೇ.

ನಾಲ್ಕು ಸೆಮಿಸ್ಟರಿಗೆ ಸಾಕಾಗುವ ಯೋಜನೆಯನ್ನು ರೈಟರ್ ಮನೆಯಲ್ಲೇ ಸಿದ್ಧಮಾಡಿ ತಂದಿದ್ದರು. ಹಾಳೆಗೆ ಗೆರೆ ಎಳೆದು, ಡ್ಯೂಟಿಯಿಲ್ಲದ ದಿನಗಳನ್ನು ಗುರುತಿಸಿ, ಕಡ್ಡಾಯ ಪತ್ರಿಕೆಗಳನ್ನು ಮೇಲೆ ಬರೆದು, ಅವುಗಳ ಕೆಳಗೆ ತಮ್ಮ ಆಯ್ಕೆಯ 'ವಿಚಾರಣೆ ಮತ್ತು ಹೇಳಿಕೆ' ಎಂಬ ಪತ್ರಿಕೆಗೆ ಅಡಿಗೆರೆ ಹಾಕಿದ್ದರು.

"ಇದರ ಬದಲು ಸಂಖ್ಯಾಶಾಸ್ತ್ರ ತಗೋಬಹುದಿತ್ತು," ಎಂದರು ಮೇಡಂ.

"ಲೆಕ್ಕ ಕಂಡ್ರೆ ಜ್ವರ ಬರುತ್ತೆ. ಹೇಳಿಕೆ ಅಂದ್ರೆ ನನಗೆ ನೀರು ಕುಡಿದ ಹಾಗೆ."

"ಹಾಗಾದ್ರೆ ಗುರುವಾರ ಮಾದರಿ ತರಗತಿಗೆ ಬನ್ನಿ. ಬದಲಾಯಿಸೋಕೆ ಹದಿನೈದು ದಿನ ಅವಕಾಶ ಇದೆ."

ಗುರುವಾರ ಮೇಡಂ ಟೈಪ್ ಮಾಡಿದ ಹಾಳೆಯೊಂದನ್ನು ಹಂಚಿದರು. ಮೂರು ಬೇರೆ ಬೇರೆ ಕಳವು, ಮೂವರು ಆರೋಪಿಗಳು, ಮೂರು ತಪ್ಪೊಪ್ಪಿಗೆಗಳು. ಹೆಸರುಗಳನ್ನು ಅಳಿಸಿದ್ದರು. ಆದರೆ ಮೂರರಲ್ಲೂ ಒಂದು ವಾಕ್ಯ ಅಕ್ಷರ ತಪ್ಪದೆ ಇತ್ತು: "ನನ್ನ ಮನಸ್ಸಾಕ್ಷಿಯು ಹಗಲಿರುಳೂ ಕುಟುಕುತ್ತಿರುವುದರಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಹೇಳುತ್ತಿದ್ದೇನೆ."

ಮುಂದಿನ ಬೆಂಚಿನ ಹುಡುಗಿ, "ಮೇಡಂ, ಈ ಮೂವರೂ ಒಂದೇ ಮೇಷ್ಟ್ರ ಹತ್ರ ಪಾಠ ಹೇಳಿಸ್ಕೊಂಡಿದ್ರಾ?" ಎಂದಳು. ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ರೈಟರ್. ಆ ವಾಕ್ಯ ಅವರದೇ. ಚೆನ್ನಾಗಿದೆಯೆಂದು ಅದನ್ನು ಎಲ್ಲ ಹೇಳಿಕೆಗಳಿಗೂ ಸೇರಿಸುತ್ತ ಬಂದಿದ್ದರು.

"ಮೂರನೆಯವನು ಸೈಕಲ್ ರಿಪೇರಿಯವನು," ಎಂದು ಮೇಡಂ ಮುಂದುವರಿಸಿದರು. "ಮಾತು ತೊದಲುತ್ತೆ. ಹೆಸರು ಹೇಳೋಕೇ ಅರ್ಧ ನಿಮಿಷ ಬೇಕು. ಇಂಥ ವಾಕ್ಯ ಅವನ ಬಾಯಿಂದ ಬಂದಿರೋಕೆ ಸಾಧ್ಯವಿಲ್ಲ ಅಂತ ಕೋರ್ಟಿಗೆ ತಿಳಿಯೋ ಹೊತ್ತಿಗೆ ಜಾಮೀನಿಲ್ಲದೆ ಏಳು ತಿಂಗಳು ಜೈಲಲ್ಲಿದ್ದ."

ಯಾರೂ ನಗಲಿಲ್ಲ. ಹುಡುಗಿ ಹಿಂದೆ ತಿರುಗಿ, "ಅಂಕಲ್, ನಿಮ್ಮ ಠಾಣೇಲೂ ಹೀಗೇನಾ?" ಎಂದಳು.

"ಛೇ ಛೇ, ನಮ್ಮಲ್ಲಿ ಹಾಗೆಲ್ಲ ಇಲ್ಲಮ್ಮ."

ಅಂದು ರಾತ್ರಿ ರೈಟರಿಗೆ, ಠಾಣೆಯಲ್ಲಿ ಗ್ರೀಸು ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆ ಮನುಷ್ಯ ನೆನಪಾದ. ಅವನು ಏನನ್ನೋ ಹೇಳಲು ತಿಣುಕುತ್ತಿದ್ದಾಗ ರೈಟರ್ ಗಡಿಯಾರ ನೋಡಿ, "ಒದ್ದಾಡಬೇಡ ಬಿಡಪ್ಪ, ನಾನೇ ಬರ್ಕೋತೀನಿ," ಎಂದಿದ್ದರು. ಅದನ್ನು ಉಪಕಾರವೆಂದೇ ತಿಳಿದಿದ್ದರು. ಅವನು ಏನು ಹೇಳಬೇಕೆಂದಿದ್ದನೋ ಅವರಿಗೆ ಇಂದಿಗೂ ಗೊತ್ತಿಲ್ಲ.

ಹದಿನಾಲ್ಕನೆಯ ದಿನ ರೈಟರ್ ಮೇಡಂ ಅವರ ಕೊಠಡಿಗೆ ಹೋಗಿ, "ಸಂಖ್ಯಾಶಾಸ್ತ್ರವೇ ಇರಲಿ," ಎಂದರು.

"ಜ್ವರ ಬರುತ್ತೆ ಅಂದಿದ್ರಿ!"

"ಶನಿವಾರ ಡ್ಯೂಟಿ ಬಿತ್ತು."

"ಹೇಳಿಕೆ ತರಗತಿ ಇರೋದು ಗುರುವಾರ ಅಲ್ವೇನ್ರೀ?"

ಇಪ್ಪತ್ತೆರಡು ವರ್ಷ ಇತರರ ಸುಳ್ಳುಗಳನ್ನು ಕೇಳಿದ್ದವರಿಗೆ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರಲಿಲ್ಲ. ನೆಲ ನೋಡುತ್ತ, "ಆ ವಾಕ್ಯ ನಂದು ಮೇಡಂ," ಎಂದರು. "ಕ್ಲಾಸಲ್ಲಿ ನಕ್ಕೂಬಿಟ್ಟೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಮಾಧಾನದ ಮಾತಾಡಲಿಲ್ಲ, ಬೈಯಲೂ ಇಲ್ಲ. ಆಯ್ಕೆಯ ಅರ್ಜಿಯನ್ನು ಮುಂದಕ್ಕೆಳೆದುಕೊಂಡು, "ಯಾವ ಪತ್ರಿಕೆ ಬರೀಲಿ?" ಎಂದು ಕೇಳಿದರು.

"ಮೊದಲು ಇದ್ದದ್ದೇ ಬರೀರಿ."

ರೈಟರ್ ಈಗ ಕೊನೆಯ ಸೆಮಿಸ್ಟರಿನಲ್ಲಿದ್ದಾರೆ. ಹೇಳಿಕೆ ಪತ್ರಿಕೆಯಲ್ಲಿ ಬಂದ ಅಂಕ ಹೇಳಿಕೊಳ್ಳುವಂಥದ್ದಲ್ಲ. ಠಾಣೆಯಲ್ಲಿ, "ಒಂದು ಕೋಳಿ ಕಳವಿಗೆ ಏಳು ಪುಟಾನಾ?" ಎಂದು ಸಾಹೇಬರು ಸಿಡುಕಿದರೆ, "ಅವನು ಹೇಳಿದ್ದು ಅಷ್ಟು ಸಾರ್," ಎನ್ನುತ್ತಾರೆ. ರಜೆಯ ದಿನ ಹಳೆಯ ಕಡತಗಳಲ್ಲಿ ತಮ್ಮ ವಾಕ್ಯವನ್ನು ಹುಡುಕುತ್ತಾರೆ. ಅದು ಸಿಕ್ಕಿದ ಮೊಕದ್ದಮೆಗಳ ಪಟ್ಟಿಯನ್ನು ಸಹಿ ಹಾಕಿ ಕೋರ್ಟಿಗೆ ಕೊಡಬೇಕೆಂದಿದ್ದಾರೆ. ಇಲ್ಲಿಯವರೆಗೆ ಸಿಕ್ಕಿರುವುದು ನಲವತ್ತೊಂದು. ಆ ವಾಕ್ಯ ತಮ್ಮದೆಂದು ಸಹಪಾಠಿಗಳಿಗೆ ಇನ್ನೂ ಹೇಳಿಲ್ಲ.

ಹೋದ ವಾರ ಆ ಸೈಕಲ್ ರಿಪೇರಿಯವನ ಅಂಗಡಿಯವರೆಗೆ ಹೋಗಿ, ಅವನು ತಲೆ ಎತ್ತಿದ ಕೂಡಲೇ ಅಪರಿಚಿತರಂತೆ ನಡೆದುಬಿಟ್ಟರು. "ಮುಂದಿನ ಸಲ ನಾನೂ ಬರ್ತೀನಿ. ಒಬ್ರೇ ಹೋದ್ರೆ ಹೀಗೇ ತಿರುಗ್ಕೊಂಡು ಬರ್ತೀರಿ," ಎಂದಿದ್ದಾಳೆ ಹೆಂಡತಿ.